ಹಿಟ್ಲರನ ಸೇನೆಯನ್ನು ಸೋಲಿಸಿದ್ದು ಚಳಿಯಲ್ಲ

ಉಕ್ರೇನಿನಲ್ಲಿ ಯುದ್ಧ ಶುರುವಾದ 2022ರ ಫೆಬ್ರುವರಿಯಿಂದ ಈಚೆಗೆ ನಮ್ಮಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಟಿ.ವಿ. ಚರ್ಚೆಯಲ್ಲಿ, ಹರಟೆಕಟ್ಟೆಯಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದೇ ಮಾತು: ‘ರಷ್ಯಾವನ್ನು ಯಾರೂ ಗೆಲ್ಲಲಾರರು. ಅಲ್ಲಿನ ಚಳಿ ನೆಪೋಲಿಯನ್ನನನ್ನೂ ನುಂಗಿತು, ಹಿಟ್ಲರನನ್ನೂ ನುಂಗಿತು.’ ಕೇಳಲು ಚೆನ್ನಾಗಿದೆ, ನೆನಪಿಡಲೂ ಸುಲಭ. ಆದರೆ 1941ರ ಯುದ್ಧದ ಮಟ್ಟಿಗೆ ಅದು ತಪ್ಪು. ಸಣ್ಣ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಜರ್ಮನ್ ಸೇನೆ ಆ ನೆಲದಲ್ಲಿ ಲೆಕ್ಕ ಹಾಕಿ ಮಾಡಿದ ಕೊಲೆಗಳು ಈ ಮಾತಿನಲ್ಲಿ ಮರೆಯಾಗುತ್ತವೆ. ಆ ಸೇನೆಯನ್ನು ತಡೆದು ನಿಲ್ಲಿಸಿದ ಜನರೂ ಮರೆಯಾಗುತ್ತಾರೆ. ಆ ಜನ ಯಾರು, ಅವರ ಗೆಲುವು ಯಾರ ಪಾಲಿನದು ಎಂಬ ಪ್ರಶ್ನೆಯನ್ನೇ ಇವತ್ತಿನ ಯುದ್ಧದಲ್ಲಿ ಆಯುಧದಂತೆ ಬಳಸುತ್ತಿರುವಾಗ, ಹಳೆಯ ಲೆಕ್ಕವನ್ನು ಒಮ್ಮೆ ಬಿಚ್ಚಿ ನೋಡಲೇಬೇಕು.

1941ರ ಜೂನ್ 22, ಭಾನುವಾರ. ಬೆಳಗಿನ ಜಾವ ಮೂರು ಗಂಟೆ ದಾಟುತ್ತಿದ್ದಂತೆ ಬಾಲ್ಟಿಕ್ ಕಡಲಿನಿಂದ ಕಪ್ಪು ಸಮುದ್ರದ ಕಡೆಗೆ ಚಾಚಿದ್ದ, ರಷ್ಯಾ, ಉಕ್ರೇನ್ ಎರಡೂ ಸೇರಿದ್ದ ಆಗಿನ ಸೋವಿಯತ್ ಒಕ್ಕೂಟದ ಗಡಿಯುದ್ದಕ್ಕೂ ಜರ್ಮನ್ ಫಿರಂಗಿಗಳು ಗುಡುಗಿದವು. ಜರ್ಮನ್ ಸೈನಿಕರೇ ಸುಮಾರು 30 ಲಕ್ಷ. ಜೊತೆಗೆ ರುಮೇನಿಯಾ, ಫಿನ್ಲೆಂಡ್ ಮುಂತಾದ ದೇಶಗಳ ಪಡೆಗಳು. ಮೂರು ದಿಕ್ಕಿಗೆ ಮೂರು ಸೇನಾಸಮೂಹ: ಉತ್ತರದ್ದು ಲೆನಿನ್‌ಗ್ರಾಡಿಗೆ, ನಡುವಿನದು ಮಾಸ್ಕೋಗೆ, ದಕ್ಷಿಣದ್ದು ಕೀವ್‌ಗೆ. ಈ ದಾಳಿಗೆ ಇಟ್ಟ ಹೆಸರು ಬಾರ್ಬರೊಸಾ.

ಹಳೆಯ ಸುದ್ದಿಚಿತ್ರಗಳಲ್ಲಿ ನಾವು ನೋಡುವುದು ಟ್ಯಾಂಕುಗಳನ್ನು. ಆ ಸೇನೆಯಲ್ಲಿ 6 ಲಕ್ಷಕ್ಕೂ ಹೆಚ್ಚು ಕುದುರೆಗಳಿದ್ದವು ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಹೆಚ್ಚಿನ ಕಾಲಾಳು ಪಡೆಗಳು ನಡೆದೇ ಹೋದವು. ಅವರ ಫಿರಂಗಿ, ಅಡುಗೆ ಸಾಮಾನು, ಗುಂಡಿನ ಪೆಟ್ಟಿಗೆಗಳನ್ನೆಲ್ಲ ಎಳೆದದ್ದು ಕುದುರೆಗಾಡಿಗಳು. ಒಂದು ಕುದುರೆಗೆ ದಿನಕ್ಕೆ ಐದೇ ಕಿಲೊ ಮೇವು ಎಂದು ಹಿಡಿದರೂ ಎಲ್ಲಕ್ಕೂ ಸೇರಿ ದಿನಕ್ಕೆ 3,000 ಟನ್. ಲಾರಿಗಳ ಪಾಡೂ ಅಷ್ಟಕ್ಕಷ್ಟೇ. ಸೋತ ಫ್ರಾನ್ಸಿನಿಂದ ಕಿತ್ತು ತಂದವು, ವ್ಯಾಪಾರಿಗಳಿಂದ ವಶಪಡಿಸಿಕೊಂಡವು ಎಲ್ಲ ಸೇರಿ 2,000ಕ್ಕೂ ಹೆಚ್ಚು ಮಾದರಿಯ ವಾಹನಗಳು. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ನಮ್ಮಲ್ಲಿ ಗ್ಯಾರೇಜ್ ನಡೆಸುವ ಯಾರನ್ನೇ ಕೇಳಿ, ಅದರ ಕಷ್ಟ ಏನೆಂದು ಒಂದೇ ಮಾತಿನಲ್ಲಿ ಹೇಳುತ್ತಾರೆ.

ಈ ಸೇನೆ ಹೋಗಬೇಕಿದ್ದ ದೂರವಾದರೂ ಎಷ್ಟು? ಗಡಿಯ ಬ್ರೆಸ್ಟ್ ಊರಿನಿಂದ ಮಾಸ್ಕೋಗೆ ಸಾವಿರ ಕಿ.ಮೀ.ಗೂ ಹೆಚ್ಚು, ಹೆಚ್ಚುಕಡಿಮೆ ಬೆಂಗಳೂರಿನಿಂದ ಮುಂಬಯಿಗಿರುವಷ್ಟು. ಲಾರಿ ನಂಬಿ ಹೋದರೆ 500 ಕಿ.ಮೀ. ಆಚೆಗೆ ಸೇನೆಯನ್ನು ಸಾಕುವುದು ಕಷ್ಟ. ಹೊತ್ತ ಪೆಟ್ರೋಲಿನಲ್ಲಿ ಒಂದು ಪಾಲನ್ನು ಲಾರಿ ತಾನೇ ಕುಡಿಯುತ್ತದೆ. ದೂರ ಹೆಚ್ಚಿದಂತೆ ಆ ಪಾಲೂ ಹೆಚ್ಚುತ್ತದೆ, ಟೈರು ಸವೆಯುತ್ತದೆ, ಹೋದ ಗಾಡಿ ತಿರುಗಿ ಬರುವುದು ತಡವಾಗುತ್ತದೆ. ಇದು ಜರ್ಮನ್ ಸೇನಾಧಿಕಾರಿಗಳಿಗೆ ಗೊತ್ತಿತ್ತು. ಆದ್ದರಿಂದಲೇ ಸೋವಿಯತ್ ದೇಶದ ಕೆಂಪು ಸೇನೆಯನ್ನು ದ್ವೀನಾ ಮತ್ತು ನಿಪ್ರೊ ನದಿಗಳ ಈಚೆಯಲ್ಲೇ, ಕೆಲವೇ ವಾರಗಳಲ್ಲಿ ಮುಗಿಸಿಬಿಡುವುದು ಅವರ ಯೋಜನೆಯಾಗಿತ್ತು. ಅಲ್ಲಿಗೆ ಮುಗಿಯದಿದ್ದರೆ ಮುಂದೇನು ಎಂಬುದಕ್ಕೆ ಆ ಯೋಜನೆಯಲ್ಲಿ ಉತ್ತರವಿರಲಿಲ್ಲ.

ಲಾರಿ ಸಾಲದಿದ್ದರೆ ರೈಲು. ಇಲ್ಲಿ ಎದುರಾಗಿದ್ದು ಗೇಜಿನ ತೊಡಕು. ನಮ್ಮ ಓದುಗರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಮದ್ರಾಸಿನಿಂದ ಬ್ರಾಡ್ ಗೇಜಿನಲ್ಲಿ ಬಂದವರು ಬೆಂಗಳೂರಿನಲ್ಲಿ ಇಳಿದು, ಗಂಟುಮೂಟೆ ಹೊತ್ತು, ಮೈಸೂರಿನ ಮೀಟರ್ ಗೇಜ್ ಗಾಡಿ ಹತ್ತುತ್ತಿದ್ದ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಜನರಾದರೋ ಇಳಿದು ಹತ್ತಿಯಾರು. ಸರಕು? ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹಮಾಲರ ಬೆನ್ನಿನ ಮೇಲೇ ಹೋಗಬೇಕು. ಜರ್ಮನ್ ಹಳಿಗಳ ಅಗಲ 1,435 ಮಿ.ಮೀ., ಸೋವಿಯತ್ ಹಳಿಗಳದ್ದು 1,524 ಮಿ.ಮೀ. ಹೆಚ್ಚುಕಡಿಮೆ ನಾಲ್ಕು ಬೆರಳಿನಷ್ಟು ಅಗಲದ ಅಂತರ ಅದು, 89 ಮಿ.ಮೀ.

ಹಳಿ ಸರಿಸುವುದೇನೂ ಬ್ರಹ್ಮವಿದ್ಯೆಯಲ್ಲ. ಮರದ ಸ್ಲೀಪರಿನಿಂದ ಮೊಳೆ ಕಿತ್ತು, ಒಂದು ಹಳಿಯನ್ನು ಒಳಕ್ಕೆ ತಳ್ಳಿ ಮತ್ತೆ ಬಡಿದರಾಯಿತು. ಜರ್ಮನ್ ರೈಲ್ವೆ ದಳಗಳು ಅದನ್ನು ಚುರುಕಾಗಿಯೇ ಮಾಡಿದವು. ತೊಂದರೆ ಇದ್ದದ್ದು ಹಳಿಯ ಆಚೆ. ಸೋವಿಯತ್ ಎಂಜಿನ್ನುಗಳು ದೊಡ್ಡವು, ಹೆಚ್ಚು ನೀರು ಹೊತ್ತು ದೂರ ಓಡುತ್ತಿದ್ದವು. ಆದ್ದರಿಂದ ನೀರು ತುಂಬುವ ನಿಲ್ದಾಣಗಳೂ ದೂರ ದೂರ ಇದ್ದವು. ಜರ್ಮನ್ ಎಂಜಿನ್ನಿಗೆ ಅಷ್ಟು ದೂರ ಓಡುವ ನೀರು ಸಾಲದು, ನಡುವೆ ಹೊಸ ನೀರಿನ ತೊಟ್ಟಿಗಳನ್ನು ಕಟ್ಟಬೇಕು. ಹಿಂದೆಗೆದ ಸೋವಿಯತ್ ಪಡೆಗಳು ಎಂಜಿನ್, ವ್ಯಾಗನ್‌ಗಳನ್ನು ಜೊತೆಗೆ ಒಯ್ದಿದ್ದವು, ಆಗದಿದ್ದಲ್ಲಿ ಕೆಡಿಸಿದ್ದವು, ಸೇತುವೆಗಳನ್ನು ಉರುಳಿಸಿದ್ದವು. ಟ್ಯಾಂಕು ಮುಂದೆ ಓಡಿದಷ್ಟು ವೇಗದಲ್ಲಿ ಅದರ ಹಿಂದಿನ ರೈಲು ಬರಲೇ ಇಲ್ಲ.

ಈಗ ದಿನದರ್ಶಿಕೆ ನೋಡಿ. ಜರ್ಮನ್ ಭೂಸೇನೆಯ ಜನರಲ್ ಸ್ಟಾಫ್ ಮುಖ್ಯಸ್ಥ ಫ್ರಾಂಜ್ ಹಾಲ್ಡರ್ ಜುಲೈ 3ರಂದು ದಿನಚರಿಯಲ್ಲಿ, ಈ ಯುದ್ಧವನ್ನು ಎರಡೇ ವಾರಗಳಲ್ಲಿ ಗೆದ್ದಾಯಿತು ಎಂದರೆ ತಪ್ಪಾಗದು ಎಂಬರ್ಥದ ಮಾತು ಬರೆದ. ಆಗಸ್ಟ್ 11ಕ್ಕೆ ಅದೇ ಕೈ ಬರೆದದ್ದು ಬೇರೆ: ರಷ್ಯಾದ ದೈತ್ಯಶಕ್ತಿಯನ್ನು ನಾವು ಕಡಿಮೆ ಅಂದಾಜು ಮಾಡಿದ್ದೆವು, 200 ಡಿವಿಜನ್ (ದೊಡ್ಡ ಸೇನಾ ದಳ) ಇರಬಹುದೆಂದುಕೊಂಡಿದ್ದೆವು, ಈಗಾಗಲೇ 360 ಎಣಿಸಿದ್ದೇವೆ. ಅದು ಆಗಸ್ಟ್ ತಿಂಗಳು, ಸುಡು ಬೇಸಿಗೆ, ಧೂಳು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಸತ್ತ, ಗಾಯಗೊಂಡ, ಕಾಣೆಯಾದ ಜರ್ಮನ್ ಸೈನಿಕರ ಸಂಖ್ಯೆ 5 ಲಕ್ಷ ದಾಟಿತ್ತು. ಆಗಿನ್ನೂ ಒಂದು ಹಿಮದ ಹಳುಕೂ ಬಿದ್ದಿರಲಿಲ್ಲ.

ಅಕ್ಟೋಬರ್‌ನಲ್ಲಿ ಬಂದದ್ದು ಚಳಿಯಲ್ಲ, ಕೆಸರು. ಗದಗ, ನವಲಗುಂದ, ಸಿಂದಗಿಯ ಕಡೆ ಎರೆಹೊಲದಲ್ಲಿ ಮಳೆಗಾಲದಲ್ಲಿ ನಡೆದವರಿಗೆ ಇದು ಅರ್ಥವಾಗುತ್ತದೆ. ಒಂದೊಂದು ಹೆಜ್ಜೆಗೂ ಮಣ್ಣು ಕಾಲಿಗೆ ಮೆತ್ತಿಕೊಂಡು ಪಾದ ಸೇರುಭಾರವಾಗುತ್ತದೆ, ಚಕ್ಕಡಿಯ ಗಾಲಿ ಹೂತುಹೋಗುತ್ತದೆ, ಎತ್ತು ಮಂಡಿಯೂರುತ್ತದೆ. ಉಕ್ರೇನಿನ ಕರಿನೆಲದ ಹುಟ್ಟು ನಮ್ಮ ಎರೆಯ ಹುಟ್ಟಿಗಿಂತ ಬೇರೆ. ಮಾಸ್ಕೋ ದಾರಿಯಲ್ಲಿದ್ದದ್ದು ಬಹುಪಾಲು ಜೇಡಿಮಣ್ಣು. ಆದರೂ ಪಾಡು ಒಂದೇ. ರಷ್ಯನ್ನರು ಈ ಕಾಲಕ್ಕೆ ರಸ್‌ಪುತಿತ್ಸಾ ಎನ್ನುತ್ತಾರೆ. ನವೆಂಬರ್ ಮಧ್ಯದಲ್ಲಿ ಹಿಮ ಬಿದ್ದು ನೆಲ ಗಟ್ಟಿಯಾದಾಗ ಜರ್ಮನ್ ಟ್ಯಾಂಕುಗಳು ಮತ್ತೆ ಓಡಾಡತೊಡಗಿದವು. ಮೊದಮೊದಲು ಚಳಿ ಅವರಿಗೇ ಉಪಕಾರಿಯಾಗಿತ್ತು!

ಆಮೇಲೆ ನಿಜವಾದ ಚಳಿ ಬಂತು, ಸಾವಿರಾರು ಸೈನಿಕರ ಬೆರಳು, ಪಾದಗಳು ಮರಗಟ್ಟಿ ಹೋದವು. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಬೆಚ್ಚಗಿನ ಬಟ್ಟೆ ಏಕೆ ಇರಲಿಲ್ಲ ಎಂದು ಕೇಳಬೇಕು. ಇದ್ದಷ್ಟು ಬಟ್ಟೆಯೂ ಹಿಂದಿನ ಗೋದಾಮುಗಳಲ್ಲಿ ಕುಳಿತಿತ್ತು. ಬರುತ್ತಿದ್ದ ಕೆಲವೇ ರೈಲುಗಳಲ್ಲಿ ಗುಂಡು ತುಂಬಬೇಕೋ, ಪೆಟ್ರೋಲೋ, ಕೋಟೋ? ಗುಂಡು, ಪೆಟ್ರೋಲುಗಳೇ ಗೆದ್ದವು. ಚಳಿ ಅವರನ್ನು ಹಿಡಿದದ್ದು ದಾರಿಯ ಲೆಕ್ಕ ಮೊದಲೇ ಕೈಕೊಟ್ಟಿದ್ದರಿಂದ. ಡಿಸೆಂಬರ್ 5ರಂದು ಸೋವಿಯತ್ ಪಡೆಗಳು ಮಾಸ್ಕೋ ಬಾಗಿಲಲ್ಲಿ ತಿರುಗಿಬಿದ್ದದ್ದೂ ಅದೇ ಚಳಿಯಲ್ಲಿ.

ಈ ಲೆಕ್ಕದ ಅತಿ ಕರಾಳ ಪುಟವೊಂದಿದೆ. ನನ್ನ ಮಟ್ಟಿಗೆ ಈ ಯುದ್ಧವನ್ನು ಅರಿಯುವುದು ಎಂದರೆ ಈ ಪುಟವನ್ನು ಓದುವುದು.

ಲಕ್ಷಾಂತರ ಸೈನಿಕರಿಗೆ ಜರ್ಮನಿಯಿಂದ ಅನ್ನ ತರಲು ರೈಲಿಲ್ಲ. ಹಾಗಾದರೆ ಅವರು ತಿನ್ನುವುದೇನು? ದಾಳಿಗೂ ಮೊದಲೇ, 1941ರ ಮೇ 2ರಂದು ಬರ್ಲಿನ್ನಿನಲ್ಲಿ ಸೇರಿದ ಉನ್ನತ ಅಧಿಕಾರಿಗಳು ಇದಕ್ಕೆ ಉತ್ತರ ಬರೆದಿಟ್ಟರು. ಇಡೀ ಸೇನೆ ಸೋವಿಯತ್ ನೆಲದ ಧಾನ್ಯವನ್ನೇ ಉಣ್ಣಬೇಕು, ಹಾಗೆ ಮಾಡಿದಾಗ ಅದೆಷ್ಟೋ ದಶಲಕ್ಷ ಜನ ಹಸಿವಿನಿಂದ ಸಾಯುವುದು ಖಂಡಿತ ಎಂಬುದು ಆ ಟಿಪ್ಪಣಿಯ ಸಾರ. ಆಹಾರ ಇಲಾಖೆಯ ಹರ್ಬರ್ಟ್ ಬಾಕೆ ಈ ಯೋಜನೆಯ ಹಿಂದಿದ್ದವನು. ಸಾವುಗಳು ಯುದ್ಧದ ಗದ್ದಲದಲ್ಲಿ ಆಗಿಹೋದವಲ್ಲ, ಮೊದಲೇ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟವು. ಸೆರೆಸಿಕ್ಕ ಸುಮಾರು 57 ಲಕ್ಷ ಸೋವಿಯತ್ ಸೈನಿಕರಲ್ಲಿ 30 ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ಮೊದಲ ಚಳಿಗಾಲದಲ್ಲೇ, ಬಯಲಲ್ಲಿ ತಂತಿಬೇಲಿಯೊಳಗೆ, ಹಸಿವು ಮತ್ತು ಕಾಯಿಲೆಗಳಿಂದ ಸತ್ತವರು ಬಹಳ. ಯಹೂದ್ಯರನ್ನಂತೂ ಸೇನೆಯ ಬೆನ್ನಿಗೇ ಬಂದ ಕೊಲೆಪಡೆಗಳು ಊರೂರಲ್ಲಿ ಹುಡುಕಿ ಗುಂಡಿಟ್ಟವು. ಕೀವ್ ನಗರದ ಬಾಬಿನ್ ಯಾರ್ ಕಣಿವೆಯಲ್ಲಿ ಸೆಪ್ಟೆಂಬರ್ 29 ಮತ್ತು 30, ಎರಡೇ ದಿನಗಳಲ್ಲಿ ಕೊಂದದ್ದು 33,771 ಜನರನ್ನು. ಕೊಂದವರೇ ಬರೆದಿಟ್ಟ ಸಂಖ್ಯೆ ಇದು.

ಲೆನಿನ್‌ಗ್ರಾಡ್ ನಗರವನ್ನು 1941ರ ಸೆಪ್ಟೆಂಬರ್ 8ರಿಂದ 1944ರ ಜನವರಿ 27ರವರೆಗೆ ಮುತ್ತಿಗೆ ಹಾಕಿ ಉಪವಾಸ ಕೆಡವಿದರು. ಆ ನವೆಂಬರ್‌ನಲ್ಲಿ ಮಕ್ಕಳಿಗೂ ಕಾರ್ಮಿಕರಲ್ಲದ ದೊಡ್ಡವರಿಗೂ ಸಿಗುತ್ತಿದ್ದ ಬ್ರೆಡ್ಡು ದಿನಕ್ಕೆ 125 ಗ್ರಾಂ. ನಮ್ಮ ಒಂದು ಸಾಧಾರಣ ರಾಗಿಮುದ್ದೆಯೇ ಅದಕ್ಕಿಂತ ಹೆಚ್ಚು ತೂಗುತ್ತದೆ. ಅದರಲ್ಲೂ ಹಿಟ್ಟಿನ ಜೊತೆ ಹಿಂಡಿ, ಮರದ ನಾರು ಕಲಸಿರುತ್ತಿದ್ದರು. ತಾನ್ಯಾ ಸವಿಚೆವಾ ಎಂಬ ಹುಡುಗಿ ಪುಟ್ಟ ಪುಸ್ತಕವೊಂದರ ಅಕ್ಷರಾನುಕ್ರಮದ ಹಾಳೆಗಳಲ್ಲಿ ಮನೆಯವರ ಸಾವುಗಳನ್ನು ಬರೆಯುತ್ತ ಹೋದಳು. ಅಕ್ಕ, ಅಜ್ಜಿ, ಅಣ್ಣ, ಅಪ್ಪನ ಇಬ್ಬರು ಸೋದರರು, ಅಮ್ಮ. ಒಬ್ಬೊಬ್ಬರ ಹೆಸರಿನ ಅಕ್ಷರದ ಪುಟದಲ್ಲಿ ದಿನಾಂಕ, ಹೊತ್ತು. ಕೊನೆಯ ಹಾಳೆಯಲ್ಲಿ ತಾನೊಬ್ಬಳೇ ಉಳಿದೆ ಎಂದಿದೆ. ಅವಳನ್ನು ನಗರದಿಂದ ಹೊರಗೆ ಸಾಗಿಸಲಾಯಿತಾದರೂ 1944ರಲ್ಲಿ, 14ರ ವಯಸ್ಸಿನಲ್ಲಿ, ತೀರಿಕೊಂಡಳು. ಆ ನಗರಕ್ಕೆ ಉಳಿದಿದ್ದ ಒಂದೇ ದಾರಿ ಲದೋಗಾ ಸರೋವರ. ನವೆಂಬರ್ ಕೊನೆಯಲ್ಲಿ ಅದರ ನೀರು ಹೆಪ್ಪುಗಟ್ಟಿದ ಮೇಲೆಯೇ ಹಿಟ್ಟಿನ ಲಾರಿಗಳು ಅದರ ಮೇಲೆ ಓಡಿದ್ದು. ಚಳಿ ಕೊಂದದ್ದೂ ಅಲ್ಲೇ, ಉಳಿಸಿದ್ದೂ ಅಲ್ಲೇ.

ಸೋವಿಯತ್ ಸರ್ಕಾರವನ್ನು ಇಲ್ಲಿ ಹೊಗಳಿ ಮುಗಿಸುವಂತಿಲ್ಲ. ಯುದ್ಧಕ್ಕೆ ಎರಡು ವರ್ಷ ಮೊದಲು, 1939ರ ಆಗಸ್ಟ್‌ನಲ್ಲಿ, ಸ್ಟಾಲಿನ್ ಇದೇ ಹಿಟ್ಲರನೊಡನೆ ಒಪ್ಪಂದ ಮಾಡಿಕೊಂಡು ಪೋಲೆಂಡನ್ನು ಹಂಚಿಕೊಂಡಿದ್ದ. ತನ್ನದೇ ಸೇನೆಯ ಅನುಭವಿ ಅಧಿಕಾರಿಗಳನ್ನು ಸಾವಿರಗಟ್ಟಲೆ ಕೊಲ್ಲಿಸಿದ್ದ, ಸೆರೆಗೆ ತಳ್ಳಿದ್ದ. ದಾಳಿಯ ಮುನ್ನೆಚ್ಚರಿಕೆಗಳನ್ನು ನಂಬಲಿಲ್ಲ. ಕೀವ್‌ನಿಂದ ಹಿಂದೆ ಸರಿಯೋಣ ಎಂದವರ ಮಾತು ಕೇಳದೆ, ಸೆಪ್ಟೆಂಬರ್‌ನಲ್ಲಿ ಅಲ್ಲಿ 6 ಲಕ್ಷಕ್ಕೂ ಹೆಚ್ಚು ಸೈನಿಕರು ಸೆರೆಯಾದರೆಂದು ಜರ್ಮನರು ಎಣಿಸುವ ಹಾಗಾಯಿತು. ಇಷ್ಟೆಲ್ಲ ಆದರೂ ದೇಶ ಕುಸಿಯಲಿಲ್ಲ, ಆ ದಿನಗಳನ್ನು ಓದುವಾಗ ನನಗೆ ಇಂದಿಗೂ ಬೆರಗಾಗುವುದು ಇದಕ್ಕೇ. ದಾಳಿಯಾದ ಎರಡೇ ದಿನಕ್ಕೆ ಸ್ಥಳಾಂತರ ಮಂಡಳಿ ರಚನೆಯಾಯಿತು. ಜುಲೈನಿಂದ ನವೆಂಬರ್‌ವರೆಗೆ 1,523 ಕಾರ್ಖಾನೆಗಳನ್ನು ಬಿಚ್ಚಿ, ರೈಲಿಗೆ ಹೇರಿ, ವೋಲ್ಗಾ ತೀರಕ್ಕೆ, ಉರಲ್ ಬೆಟ್ಟಗಳ ಕಡೆಗೆ, ಸೈಬೀರಿಯಾಕ್ಕೆ, ಕಝಾಕಸ್ತಾನಕ್ಕೆ ಸಾಗಿಸಿದರು. ಖಾರ್ಕಿವ್ ನಗರದ ಟ್ಯಾಂಕ್ ಕಾರ್ಖಾನೆ ನಿಜ್ನಿ ತಗಿಲ್‌ಗೆ ಹೋಯಿತು. ಹೆಂಗಸರು, ಹದಿಹರೆಯದ ಮಕ್ಕಳು ಯಂತ್ರದ ಮುಂದೆ ನಿಂತರು.

ಹೊರಗಿನ ನೆರವನ್ನೂ ಹೇಳಬೇಕು. ಸೋವಿಯತ್ ಬರಹಗಳು ಅದನ್ನು ಸಣ್ಣದು ಮಾಡಿದವು, ಅಮೆರಿಕದವರು ಕೆಲವೊಮ್ಮೆ ಅದನ್ನೇ ಎಲ್ಲ ಎಂದರು. ನೆರವಿನ ಹೆಚ್ಚಿನ ಪಾಲು ತಲುಪಿದ್ದು 1943ರಿಂದ ಆಚೆಗೆ. ಅಂದರೆ ಮಾಸ್ಕೋ ಉಳಿದದ್ದು ಅದರಿಂದಲ್ಲ. ಆದರೆ ಕೆಂಪು ಸೇನೆ ಬರ್ಲಿನ್ನಿಗೆ ಅಷ್ಟು ಬೇಗ ತಲುಪಿದ್ದರಲ್ಲಿ 4 ಲಕ್ಷಕ್ಕೂ ಹೆಚ್ಚು ಅಮೆರಿಕನ್ ಟ್ರಕ್ಕು–ಜೀಪುಗಳ, ಸುಮಾರು 1,900 ರೈಲು ಎಂಜಿನ್ನುಗಳ ಪಾಲು ದೊಡ್ಡದು. ಆ ನೆರವಿನ ಒಂದು ದಾರಿ ಇರಾನಿನ ಮೂಲಕ ಹೋಗುತ್ತಿತ್ತು, ಆ ದಾರಿಯಲ್ಲಿ ದುಡಿದವರಲ್ಲಿ ಭಾರತೀಯ ಸೈನಿಕರೂ ಇದ್ದರು. ನಮ್ಮ ಸೇನೆಯ ಸರಬರಾಜು ದಳದ ಇಬ್ಬರಿಗೆ 1944ರಲ್ಲಿ ಸೋವಿಯತ್ ಸರ್ಕಾರ ‘ಕೆಂಪು ತಾರೆ’ ಪದಕ ನೀಡಿತು. ಟ್ಯಾಂಕು ಓಡಿಸಿದವರಲ್ಲ ಅವರು, ಸಾಮಾನು ಮುಟ್ಟಿಸಿದವರು. ಈ ಯುದ್ಧದ ಮರ್ಮ ಬಲ್ಲವರಿಗೆ ಆ ಪದಕದ ತೂಕ ಗೊತ್ತಾಗುತ್ತದೆ.

ಮುಂದಿನದೂ ಇದೇ ಲೆಕ್ಕದ ಮುಂದುವರಿಕೆ. 1942ರ ಬೇಸಿಗೆಯಲ್ಲಿ ಹಿಟ್ಲರ್ ಕಾಕಸಸ್‌ನ ಎಣ್ಣೆ ಬಾವಿಗಳ ಕಡೆ ತಿರುಗಿದ. ಸ್ಟಾಲಿನ್‌ಗ್ರಾಡ್‌ನಲ್ಲಿ ಸುತ್ತುವರಿಯಲ್ಪಟ್ಟ ತನ್ನ ಆರನೇ ಸೇನೆಗೆ ವಿಮಾನದಲ್ಲಿ ಅನ್ನ, ಗುಂಡು ಸಾಗಿಸುತ್ತೇವೆ ಎಂದ ವಾಯುಪಡೆಯ ಮುಖ್ಯಸ್ಥ ಗೋರಿಂಗ್‌ನ ಮಾತನ್ನು ನಂಬಿದ. ದಿನಕ್ಕೆ 500 ಟನ್ ಬೇಕಿತ್ತು, ತಲುಪಿದ್ದು ಸರಾಸರಿ ನೂರು ಟನ್ನಿನ ಆಸುಪಾಸು. 1943ರ ಫೆಬ್ರುವರಿ 2ಕ್ಕೆ ಎಲ್ಲ ಮುಗಿದಾಗ ಸೆರೆಯಾದವರು ಸುಮಾರು 91,000, ಊರಿಗೆ ಮರಳಿದವರು ಕೆಲವೇ ಸಾವಿರ. 1943ರ ಕುರ್ಸ್ಕ್ ಟ್ಯಾಂಕ್ ಕದನವನ್ನು ಎಲ್ಲರೂ ಬಲ್ಲರು. 1944ರ ಜೂನ್‌ನ ಬಗ್ರಾತಿಯಾನ್ ಕಾರ್ಯಾಚರಣೆಯನ್ನು ಬಲ್ಲವರು ಕಡಿಮೆ. ಬೆಲಾರುಸ್‌ನಲ್ಲಿ ಜರ್ಮನ್ ನಡುಸೇನೆಯನ್ನು ಕೆಲವೇ ವಾರಗಳಲ್ಲಿ ಒಡೆದುಹಾಕಿದ ಆ ದಾಳಿ ನಡೆದದ್ದು ನಡು ಬೇಸಿಗೆಯಲ್ಲಿ. ಜುಲೈ 17ರಂದು ಸುಮಾರು 57,000 ಜರ್ಮನ್ ಕೈದಿಗಳನ್ನು ಮಾಸ್ಕೋ ಬೀದಿಗಳಲ್ಲಿ ನಡೆಸಿದರು. ಅಂದು ಅಲ್ಲಿ ಚಳಿ ಎಲ್ಲಿತ್ತು?

ಹಾಗಾದರೆ ಚಳಿಯ ಕತೆ ಹಬ್ಬಿದ್ದು ಹೇಗೆ? ಯುದ್ಧದ ನಂತರ ಅಮೆರಿಕದ ಸೇನೆ ತನ್ನ ಇತಿಹಾಸ ವಿಭಾಗಕ್ಕೆ ಸೋತ ಜರ್ಮನ್ ಸೇನಾಪತಿಗಳಿಂದಲೇ ವರದಿ ಬರೆಸಿತು. ಆ ಕೆಲಸದ ಮುಂದಾಳು ಅದೇ ಹಾಲ್ಡರ್. ಶೀತಲ ಸಮರದ ದಿನಗಳು ಅವು, ಸೋವಿಯತ್ ಸೇನೆಯ ಬಗ್ಗೆ ತಿಳಿದವರ ಮಾತು ಅಮೆರಿಕಕ್ಕೆ ಬೇಕಿತ್ತು. ತಪ್ಪೆಲ್ಲ ಹಿಟ್ಲರನದು, ಉಳಿದದ್ದು ಕೆಸರು, ಹಿಮ, ಎದುರಾಳಿಯ ಲೆಕ್ಕವಿಲ್ಲದ ಜನಸಂಖ್ಯೆ ಎಂಬ ಚಿತ್ರ ಅಲ್ಲಿಂದ ಬಂತು. ಹಸಿವಿನ ಯೋಜನೆಯ ವಿಷಯ ಅದರಲ್ಲಿ ಇರಲಿಲ್ಲ. ಸೋವಿಯತ್ ದಾಖಲೆಗಳು ಬೀಗದೊಳಗಿದ್ದವು. ದಶಕಗಳ ಕಾಲ ಜಗತ್ತು ಓದಿದ್ದು ಸೋತವರು ಬರೆದ ಇತಿಹಾಸವನ್ನು.

ಮಾಸ್ಕೋ ಕೂಡ ಸತ್ಯವನ್ನು ಹೇಳಲಿಲ್ಲ. ಸತ್ತವರು 70 ಲಕ್ಷ ಎಂದು ಸ್ಟಾಲಿನ್ 1946ರಲ್ಲಿ ಹೇಳಿದ. ಕ್ರುಶ್ಚೇವ್ ಕಾಲಕ್ಕೆ ಅದು 2 ಕೋಟಿಯಾಯಿತು. ಗೊರ್ಬಚೇವ್ ಕಾಲದಲ್ಲಿ, 1990ರಲ್ಲಿ, ಸುಮಾರು 2 ಕೋಟಿ 70 ಲಕ್ಷ. ತನ್ನ ಸತ್ತವರನ್ನು ಎಣಿಸಲು ಒಂದು ದೇಶ 45 ವರ್ಷ ತೆಗೆದುಕೊಂಡಿತು. ಮೇ 9ರ ವಿಜಯ ದಿನದ ಸಾರ್ವತ್ರಿಕ ರಜೆಯನ್ನು ಸ್ಟಾಲಿನ್ ಕಾಲದಲ್ಲೇ ರದ್ದು ಮಾಡಿದ್ದರು, 1965ರಲ್ಲಿ ಬ್ರೆಝ್ನೇವ್ ಮರಳಿ ತಂದ. ಈಗಿನ ರಷ್ಯಾದಲ್ಲಿ ಅದು ವರ್ಷದ ಅತಿ ದೊಡ್ಡ ಸರ್ಕಾರಿ ಆಚರಣೆ. ಸತ್ತ ಅಜ್ಜಂದಿರ ಫೋಟೊ ಹಿಡಿದು ಮೆರವಣಿಗೆಯಲ್ಲಿ ನಡೆಯುವ ಸಾಮಾನ್ಯ ಜನರ ದುಃಖ ನಿಜವಾದದ್ದು, ಅದರ ಬಗ್ಗೆ ಹಗುರವಾಗಿ ಮಾತಾಡಬಾರದು. ನನ್ನ ತಕರಾರು ಇರುವುದು ಆ ದುಃಖವನ್ನು ಸರ್ಕಾರ ಬಳಸುವ ಬಗೆಗೆ. ಉಕ್ರೇನನ್ನು ‘ನಾಜಿಗಳಿಂದ ಬಿಡಿಸುತ್ತೇವೆ’ ಎಂದು 2022ರ ಫೆಬ್ರುವರಿ 24ರಂದು ಪುಟಿನ್ ಹೇಳಿದಾಗ, ಕೆಂಪು ಸೇನೆಯ ಗೆಲುವು ರಷ್ಯಾ ಒಂದರ ಸ್ವತ್ತಾಗಿಹೋಯಿತು.

ಆ ಸೇನೆಯಲ್ಲಿ ಉಕ್ರೇನಿನ ಲಕ್ಷಾಂತರ ಮಂದಿ ಇದ್ದರು, ಬೆಲಾರುಸಿನವರು, ಕಝಾಕರು, ಉಜ್ಬೆಕರು, ಜಾರ್ಜಿಯಾದವರು, ಯಹೂದ್ಯರು ಇದ್ದರು. ಝೆಲೆನ್‌ಸ್ಕಿಯ ಅಜ್ಜನೂ ಕೆಂಪು ಸೇನೆಯ ಯೋಧ. ಯುದ್ಧದ ದೊಡ್ಡ ಪಾಲು ನಡೆದದ್ದು ಉಕ್ರೇನ್, ಬೆಲಾರುಸ್‌ಗಳ ನೆಲದ ಮೇಲೆ. ಖಾರ್ಕಿವ್ ನಗರ 1941ರಿಂದ 1943ರ ನಡುವೆ ನಾಲ್ಕು ಸಲ ಕೈ ಬದಲಾಯಿಸಿತು. ಉಕ್ರೇನಿನ ಇತಿಹಾಸದಲ್ಲೂ ಮುಜುಗರದ ಪುಟಗಳಿವೆ. ನಾಜಿಗಳ ಜೊತೆ ಕೈಜೋಡಿಸಿದವರಿದ್ದರು, ವೊಲೀನಿಯಾದಲ್ಲಿ ಪೋಲಿಷ್ ಹಳ್ಳಿಗರನ್ನು ಕೊಂದ ರಾಷ್ಟ್ರವಾದಿ ಪಡೆಯಿತ್ತು. ಆ ಪಡೆಯ ನಾಯಕರಿಗೆ ಇಂದು ಪ್ರತಿಮೆ ನಿಲ್ಲಿಸುವುದನ್ನು ಪೋಲೆಂಡಿನ ಜನ ಪ್ರಶ್ನಿಸುವುದರಲ್ಲಿ ನ್ಯಾಯವಿದೆ. ಆದರೆ ಆ ಪುಟಗಳನ್ನು ತೋರಿಸಿ ಒಂದು ದೇಶದ ಊರುಗಳ ಮೇಲೆ ಬಾಂಬು ಹಾಕುವುದಕ್ಕೆ ಯಾವ ನ್ಯಾಯವೂ ಇಲ್ಲ. 2022ರ ಮಾರ್ಚ್‌ನಲ್ಲಿ ಖಾರ್ಕಿವ್‌ನ ಮಹಡಿ ಮನೆಯೊಂದಕ್ಕೆ ರಷ್ಯಾದ ಶೆಲ್ ಬಿದ್ದು 96 ವರ್ಷದ ಮುದುಕರೊಬ್ಬರು ಸತ್ತರು. ಬೂಕೆನ್‌ವಾಲ್ಡ್ ಸೇರಿ ನಾಲ್ಕು ನಾಜಿ ಶಿಬಿರಗಳಿಂದ ಜೀವಂತ ಹೊರಬಂದಿದ್ದವರು ಅವರು. ಉಕ್ರೇನ್ 2023ರಲ್ಲಿ ತನ್ನ ಸ್ಮರಣೆಯ ದಿನವನ್ನು ಮೇ 8ಕ್ಕೆ ಬದಲಿಸಿಕೊಂಡಿತು.

ನೆಲದ ಲೆಕ್ಕ ಮಾತ್ರ ಇಂದಿಗೂ ಹಾಗೇ ಇದೆ. 2022ರ ಮಾರ್ಚ್ ಮೊದಲ ವಾರ ಕೀವ್‌ನ ಉತ್ತರಕ್ಕೆ ಸುಮಾರು 64 ಕಿ.ಮೀ. ಉದ್ದದ ರಷ್ಯನ್ ಸೇನಾ ವಾಹನಗಳ ಸಾಲು ನಿಂತಲ್ಲೇ ನಿಂತಿತ್ತು. ಇಂಧನವಿಲ್ಲ, ಊಟವಿಲ್ಲ, ರಸ್ತೆ ಬಿಟ್ಟು ಹೊಲಕ್ಕೆ ಇಳಿದರೆ ಕೆಸರು. ಈ ಸಲ ಕೆಸರಿನಲ್ಲಿ ಸಿಕ್ಕಿಕೊಂಡವರು ರಷ್ಯನ್ನರು. ಪೂರ್ವದ ದೊನ್‌ಬಾಸ್‌ನಲ್ಲಿ ಅವರ ಸೇನೆ ಹೆಚ್ಚು ಕಾಲ ಕಾದಾಡಲು ಆದದ್ದಕ್ಕೆ ಒಂದು ಕಾರಣ, ಅಲ್ಲಿಯವರೆಗೂ ಹೋಗುವ ಅವರದೇ ಅಗಲದ ರೈಲು ಹಳಿ. ಅದೇ ವರ್ಷ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದಾಗ ಉಕ್ರೇನ್ ತನ್ನ ಗೋಧಿ, ಮೆಕ್ಕೆಜೋಳಗಳನ್ನು ರೈಲಿನಲ್ಲಿ ಯುರೋಪಿಗೆ ಕಳಿಸಲು ಹೊರಟಿತು. ಪೋಲೆಂಡಿನ ಗಡಿಯಲ್ಲಿ ಹಳಿಯ ಅಗಲ ಬದಲಾಗುತ್ತದೆ. ಧಾನ್ಯ ತುಂಬಿದ ವ್ಯಾಗನ್‌ಗಳು ಅಲ್ಲಿ ಸಾಲುಗಟ್ಟಿ ನಿಂತವು. ಒಂದೋ ವ್ಯಾಗನ್ನನ್ನು ಜಾಕ್ ಹಾಕಿ ಎತ್ತಿ ಗಾಲಿ ಬದಲಿಸಬೇಕು, ಇಲ್ಲವೇ ಕಾಳನ್ನೆಲ್ಲ ಬೇರೆ ವ್ಯಾಗನ್ನಿಗೆ ಸುರಿಯಬೇಕು. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ದೇಶಗಳು ಈಗ ‘ರೈಲ್ ಬಾಲ್ಟಿಕಾ’ ಎಂಬ ಹೊಸ ಮಾರ್ಗವನ್ನು ಕಟ್ಟುತ್ತಿವೆ. ಅಲ್ಲಿ ಹಾಕುತ್ತಿರುವುದು ಸೋವಿಯತ್ ಕಾಲದ ಅಗಲದ ಹಳಿಯನ್ನಲ್ಲ, 1,435 ಮಿ.ಮೀ. ಹಳಿಯನ್ನು.